ಕೆಂಪು ಗುಂಡಿ ಮತ್ತು ಜವಳಗಿರಿ ಜೀಪು

ಹೋದ ವಾರ ಕೆಲಸ ಮುಗಿಸಿ ಮನೆಗೆ ಬಂದರೆ ಅಮ್ಮ ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿದಳು. “ಏನ್ಲಾ ಇದು, ಕಿವಿ ತುಂಬ ಕಾಡಿಗೆ ಬಳ್ಕೊಂಡ್ ಬಂದಿದ್ದೀಯ? ಈ ಮೂತಿಗೂ ದೃಷ್ಟಿ ಆಯ್ತದೆ ಅಂತ ಯಾರ್ ಹೇಳುದ್ರು ನಿಂಗೆ?”

ಕಾಡಿಗೆಯಲ್ಲ, ಹೆಡ್‌ಫೋನಿನ ಸ್ಪಂಜು. ಹೊಸೂರಿನ ಒಂದು ಸ್ಟುಡಿಯೋದಲ್ಲಿ ಕೂತು ಮದುವೆ ವೀಡಿಯೊಗಳನ್ನು ಕತ್ತರಿಸಿ ಜೋಡಿಸುವುದು ನನ್ನ ಉದ್ಯೋಗ. ಅಲ್ಲಿಯ ಹೆಡ್‌ಫೋನಿಗೆ ವಯಸ್ಸಾಗಿದೆ. ಹಾಕಿ ತೆಗೆದಾಗಲೆಲ್ಲ ಅದರ ಸ್ಪಂಜು ಕರಿ ಎಳ್ಳಿನ ಹಾಗೆ ಉದುರಿ ಕಿವಿಗೆ ಅಂಟಿಕೊಳ್ಳುತ್ತದೆ. ಆ ಸ್ಪಂಜಿಗೆ ಒಂದು ವಾಸನೆಯಿದೆ. ನೀವು ಎಂದಾದರೂ ಹಳೆಯ ಹೆಡ್‌ಫೋನನ್ನು ಮೂಗಿನ ಹತ್ತಿರ ಹಿಡಿದಿದ್ದೀರೋ ಇಲ್ಲವೋ ಗೊತ್ತಿಲ್ಲ. ಹಿಡಿಯಬೇಡಿ. ಹರಳೆಣ್ಣೆ, ಕೊಬ್ಬರಿ ಎಣ್ಣೆ, ಬೆವರು, ಎಲ್ಲೋ ಸುಟ್ಟ ವೈರು, ಎಲ್ಲವೂ ಸೇರಿ ಆದ ವಾಸನೆ ಅದು. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಸಾಕು, ಕೃಷ್ಣಗಿರಿ ರಸ್ತೆಯಿಂದ ಒಳಕ್ಕೆ ತಿರುಗಿ ಎರಡು ಮಾವಿನ ತೋಪು ದಾಟಿದ ಮೇಲೆ ಸಿಗುತ್ತಿದ್ದ ನಮ್ಮ ಪುಟ್ಟ ಆರ್ಟ್ಸ್ ಕಾಲೇಜು ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಅಲ್ಲಿ ನಾನು ಮೂರು ವರ್ಷ ಸಿನಿಮಾ ಮತ್ತು ವೀಡಿಯೊ ತಯಾರಿಕೆ ಓದಿದೆ. ‘ಓದಿದೆ’ ಎಂಬ ಮಾತನ್ನು ಸ್ವಲ್ಪ ಉದಾರವಾಗಿ ತೆಗೆದುಕೊಳ್ಳಿ. ನಮ್ಮ ಅಪ್ಪ ಮಾಲೂರಿನ ಕಡೆಯಿಂದ ಬಂದು ಹೊಸೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಮಾಡುವವರು. ಮಗ ಏನು ಓದುತ್ತಾನೆ ಎಂದು ನೆಂಟರು ಕೇಳಿದರೆ ಅವರು “ವೀಡಿಯೊ” ಎಂದಷ್ಟೇ ಹೇಳಿ ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. “ವೀಡಿಯೊ ನೋಡೋದಲ್ವೇನಪ್ಪಾ? ಅದನ್ನ ಓದೋದೆಂಗೆ?” ಎಂದು ದೊಡ್ಡಪ್ಪ ಒಮ್ಮೆ ಕೇಳಿಯೇಬಿಟ್ಟರು. ಆಮೇಲೆ ಅವರೇ ಯೋಚಿಸಿ, “ಹೋಗ್ಲಿ ಬುಡು, ಮೊಮ್ಮಗಳ ಕಿವಿ ಚುಚ್ಚೋದಕ್ಕೆ ಒಬ್ಬ ಸಿಕ್ದ” ಎಂದು ಸಮಾಧಾನ ಮಾಡಿಕೊಂಡರು. ಕಿವಿ ಚುಚ್ಚುವವನು ಎಂದು ಅವರ ಅರ್ಥವಲ್ಲ, ವೀಡಿಯೊ ಹಿಡಿಯುವವನು. ಮೂರು ವರ್ಷದಲ್ಲಿ ನಾನು ಏಳು ಮಕ್ಕಳ ಕಿವಿ ಚುಚ್ಚುವುದನ್ನು ಹಿಡಿದೆ. ಏಳೂ ಮಕ್ಕಳು ಈಗಲೂ ನನ್ನನ್ನು ಕಂಡರೆ ಅಳುತ್ತವೆ.

ನಾನು ಈ ಓದಿಗೆ ಬಿದ್ದದ್ದಕ್ಕೆ ಕಾರಣ ನನ್ನ ಬಾಯಿ. ಚಿಕ್ಕಂದಿನಿಂದಲೂ ನನಗೆ ಯಾರನ್ನು ಕಂಡರೂ ಅವರ ಹಾಗೆ ಮಾತಾಡುವ ಚಟ. ಹೆಡ್‌ಮಾಸ್ಟರು, ತರಕಾರಿ ಮಂಡಿಯ ಹರಾಜಿನವನು, ಪಕ್ಕದ ಮನೆಯ ತೆಲುಗು ಅತ್ತೆ, ಯಾರೂ ತಪ್ಪಿಸಿಕೊಂಡಿಲ್ಲ. ಅಪ್ಪನೊಬ್ಬರದು ಮಾತ್ರ ಬಂದಿಲ್ಲ, ಅವರು ಮಾತಾಡಿದರಲ್ಲವೇ. “ನೀನು ಸಿನಿಮಾಕ್ಕೆ ಹೋಗ್ಲಾ” ಎಂದು ಶಾಲೆಯಲ್ಲಿ ಎಲ್ಲರೂ ಹೇಳಿದರು. ಅದು ಹೊಗಳಿಕೆಯೋ, ನಮ್ಮನ್ನು ಬಿಟ್ಟು ಎಲ್ಲಿಗಾದರೂ ಹೋಗು ಎಂಬ ಬೇಡಿಕೆಯೋ, ಆಗ ತಿಳಿಯಲಿಲ್ಲ.

ನಮ್ಮ ವಿಭಾಗ ಇದ್ದದ್ದು ಹಿಂದೆ ಟೈಪಿಂಗ್ ಕಲಿಸುತ್ತಿದ್ದ ಕೋಣೆಯಲ್ಲಿ. ವಿದ್ಯಾರ್ಥಿಗಳು ಹದಿನಾಲ್ಕು. ಕ್ಯಾಮೆರಾ ಒಂದು, ಧ್ವನಿ ಹಿಡಿಯುವ ರೆಕಾರ್ಡರ್ ಒಂದು, ಹೆಡ್‌ಫೋನ್ ಒಂದು. ಕ್ಯಾಮೆರಾ ಕಿವುಡು. ನಮಗಿಂತ ಮುಂಚಿನ ಬ್ಯಾಚಿನವರು ಹೊಗೇನಕಲ್ಲಿಗೆ ಹೋಗಿ ಅದಕ್ಕೂ ಸ್ನಾನ ಮಾಡಿಸಿಕೊಂಡು ಬಂದಿದ್ದರು. ಅಂದಿನಿಂದ ಅದಕ್ಕೆ ಕಾಣಿಸುತ್ತಿತ್ತು, ಕೇಳಿಸುತ್ತಿರಲಿಲ್ಲ. ಹಾಗಾಗಿ ಮಾತೆಲ್ಲ ರೆಕಾರ್ಡರಿನ ಪಾಲು. ಹೆಡ್‌ಫೋನು ಹದಿನಾಲ್ಕು ತಲೆಗಳ ಮೇಲೆ ಓಡಾಡಿ ಹದಿನಾಲ್ಕು ಥರದ ಎಣ್ಣೆ ಕುಡಿದಿತ್ತು. ವಾಸನೆಯ ಮೂಲ ಈಗ ತಿಳಿಯಿತಲ್ಲ.

ನಮಗೆ ಪಾಠ ಹೇಳುತ್ತಿದ್ದವರು ಸೇಲಂ ಕಡೆಯ ಅರುಳ್ ಸರ್. ‘ಫ್ರೇಮ್’ ಎನ್ನುವಾಗಲೆಲ್ಲ ಅವರು ದೇವರ ಮುಂದೆ ನಿಂತಂತೆ ಕಣ್ಣು ಮುಚ್ಚುತ್ತಿದ್ದರು. ನಾನೂ ಅವರ ಹಾಗೆ ಕಣ್ಣು ಮುಚ್ಚಿ, ಅವರ ಮೆಲುದನಿಯಲ್ಲಿ ಒಂದು ದಿನ ಫೋನ್ ಮಾಡಿ ನಮ್ಮ ಕ್ಲಾಸಿಗೇ ರಜೆ ಕೊಟ್ಟಿದ್ದೆ. ಸಿಕ್ಕಿಬಿದ್ದಾಗ ಅವರು ಬೈಯಲಿಲ್ಲ. “ವಾಯಿ ನಲ್ಲಾ ಇರುಕ್ಕು. ಕಾದು ಎಪ್ಪಡಿ?” ಎಂದರು. ಬಾಯಿ ಚೆನ್ನಾಗಿದೆ, ಕಿವಿ ಹೇಗೆ, ಎಂದು. ಅದನ್ನೂ ನಾನು ಅವರ ದನಿಯಲ್ಲೇ ಕ್ಯಾಂಟೀನಿನಲ್ಲಿ ಹೇಳಿ ನಗಿಸಿದೆ. ನನ್ನ ಕಿವಿಯ ಗತಿ ಏನೆಂಬುದು ಕೊನೆಯ ವರ್ಷ ಗೊತ್ತಾಯಿತು.

ಕೊನೆಯ ವರ್ಷ ಇಬ್ಬಿಬ್ಬರು ಸೇರಿ ಹತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡಿ ಕೊಡಬೇಕು. ಕೊಡದಿದ್ದರೆ ಪಾಸಿಲ್ಲ. ಹೆಚ್ಚಿನವರು ಆನೆಯ ಮೇಲೆ ಮಾಡುತ್ತೇವೆ ಎಂದು ಡೆಂಕಣಿಕೋಟೆಯ ಕಡೆಗೆ ಹೊರಟರು. ಪ್ರತಿದಿನ ಕರೆಯದೇ ಬಂದು ರಾಗಿ ತಿಂದುಹೋಗುವ ಆನೆಗಳು ಕ್ಯಾಮೆರಾ ಬಂದಿದೆ ಎಂದು ಗೊತ್ತಾಗಿ ಆ ತಿಂಗಳು ಪತ್ತೆಯೇ ಇಲ್ಲ. ನನ್ನ ಜೋಡಿ ಲಾವಣ್ಯ. ತಳಿ ಎಂಬ ಊರಿನ ಹುಡುಗಿ, ಮಾತು ಕಡಿಮೆ, ಕ್ಯಾಮೆರಾ ಹಿಡಿದರೆ ಕೈ ನಡುಗುವುದಿಲ್ಲ. ಅವಳು, “ಆನೆ ಬೇಡ. ನಂಜಪ್ಪ ಮಾವನ್ನ ಮಾಡನ” ಎಂದಳು.

ನಂಜಪ್ಪ ಮಾವ ತಳಿಯಿಂದ ಜವಳಗಿರಿಗೆ ಜೀಪು ಓಡಿಸುತ್ತಿದ್ದವರು. ಜೀಪು ಎಂದರೆ ಒಬ್ಬರಿಗೆ ಬಾಡಿಗೆಗೆ ಹೋಗುವುದಲ್ಲ. ತುಂಬುವವರೆಗೆ ನಿಂತು, ಕೂಗಿ ಕರೆದು, ಹೂವಿನ ಮೂಟೆ, ಬೀನ್ಸಿನ ಬುಟ್ಟಿ, ಕೋಳಿ, ಬಾಣಂತಿ, ಎಲ್ಲರನ್ನೂ ಒತ್ತರಿಸಿಕೊಂಡು ಹೋಗುವುದು. ಅವರ ಕೂಗು ಬಸ್ ನಿಲ್ದಾಣದ ಆಚೆಯ ಸಂತೆಗೂ ಕೇಳುತ್ತಿತ್ತು ಎಂದು ಲಾವಣ್ಯ ಹೇಳಿದಳು. ಒಂದು ವರ್ಷದಿಂದ ಜೀಪನ್ನು ಅಳಿಯ ಓಡಿಸುತ್ತಾನೆ. ಮಾವ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ಬಂದವರಿಗೆ ಸುಮ್ಮನೆ ಬೆರಳು ತೋರಿಸಿ ಜೀಪು ಹತ್ತಿಸುತ್ತಾರೆ. “ಯಾಕೋ ದೊಡ್ಡ ಮನುಷ್ಯ ಆಗ್ಬುಟ್ಟವ್ನೆ, ಬಾಯೇ ಬಿಡಲ್ಲ” ಎಂದು ಊರಿನವರು ಆಡಿಕೊಳ್ಳುತ್ತಿದ್ದರಂತೆ.

ನಾವು ಹೋದ ದಿನ ಮಾವ ಮಡಿಕೆ ಮುರಿಯದ ಬಿಳಿ ಅಂಗಿ ಹಾಕಿಕೊಂಡು ಜೀಪಿನ ಬಾನೆಟ್ಟಿಗೆ ಒರಗಿ ನಿಂತಿದ್ದರು. ನನ್ನ ಪಾಲಿಗೆ ಧ್ವನಿ ಬಂದಿತ್ತು. ತಲೆಗೆ ಹೆಡ್‌ಫೋನ್, ಕೈಯಲ್ಲಿ ರೆಕಾರ್ಡರ್. ಅದರಲ್ಲೊಂದು ಕೆಂಪು ಗುಂಡಿ. ಒತ್ತಿದರೆ ಕೆಂಪು ದೀಪ ಮಿಣುಕುತ್ತದೆ, ಮತ್ತೆ ಒತ್ತಿದರೆ ಮಿಣುಕದೆ ಉರಿಯುತ್ತದೆ. ಮಿಣುಕುವುದು ಎಂದರೆ ಏನೋ ನಡೆಯುತ್ತಿದೆ ಎಂದಲ್ಲವೇ? ಪೊಲೀಸ್ ಜೀಪಿನ ದೀಪ ಮಿಣುಕುತ್ತದೆ, ಮಾರಿಯಮ್ಮನ ಗುಡಿಯ ಸೀರಿಯಲ್ ಸೆಟ್ ಮಿಣುಕುತ್ತದೆ. ಹೀಗೆಂದು ನಾನು ಒಂದು ಸಿದ್ಧಾಂತ ಮಾಡಿಕೊಂಡೆ. ಮಾವ ಮಾತು ಶುರು ಮಾಡಿದಾಗ ಗುಂಡಿ ಒತ್ತಿದೆ, ದೀಪ ಮಿಣುಕಿತು. ಮಾತು ನಿಂತಾಗ ಒತ್ತಿದೆ, ದೀಪ ನೆಟ್ಟಗೆ ಉರಿಯಿತು. ಹೆಡ್‌ಫೋನಿನಲ್ಲಿ ಎಲ್ಲವೂ ಸೊಗಸಾಗಿ ಕೇಳಿಸುತ್ತಿತ್ತು. ಇನ್ನೇನು ಬೇಕು.

ಆದರೆ ಮಾವ ಮಾತಾಡಿದ್ದು ತಮಿಳಿನಲ್ಲಿ. ಅದೂ ಎಂಥ ತಮಿಳು. ಕಲೆಕ್ಟರು ಧ್ವಜ ಹಾರಿಸಿದ ಮೇಲೆ ಮಾಡುವ ಭಾಷಣದ ತಮಿಳು, ಒಂದೊಂದೇ ಪದ ಇಟ್ಟು ಇಟ್ಟು. ನಮ್ಮ ಕಡೆ ಇದು ಇದ್ದದ್ದೇ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಆಫೀಸರು ಅಥವಾ ಕ್ಯಾಮೆರಾ ಎದುರಿಗೆ ಬಂದರೆ ಇಸ್ತ್ರಿ ಮಾಡಿದ ತಮಿಳು. “ಮಾವ, ಕನ್ನಡದಲ್ಲೇ ಹೇಳು, ದಿನಾ ಮಾತಾಡೋ ಹಂಗೆ” ಎಂದಳು ಲಾವಣ್ಯ. ಮಾವ ಇನ್ನೂ ನೆಟ್ಟಗೆ ನಿಂತುಕೊಂಡು, “ವಣಕ್ಕಂ” ಎಂದು ಮೊದಲಿನಿಂದ ಶುರು ಮಾಡಿದರು.

ನಡುವೆ ಬಿಡುವು ಸಿಕ್ಕಿತು. ಜೀಪಿಗೆ ಕಾಯುತ್ತ ಏಳೆಂಟು ಜನ ಸುತ್ತ ನಿಂತಿದ್ದರು. ಜನ ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಬಾನೆಟ್ಟಿಗೆ ಒರಗಿ, ಹೊಟ್ಟೆ ಮುಂದಕ್ಕೆ ತಂದು, ತುಟಿಯ ಎಡಗಡೆಯನ್ನು ಸ್ವಲ್ಪ ಇಳಿಬಿಟ್ಟು, ರಕಾರ ಳಕಾರಗಳನ್ನೆಲ್ಲ ನಾಲಿಗೆಯಿಂದ ಜಾರಿಸಿ ನಂಜಪ್ಪ ಮಾವನ ಭಾಷಣ ಮಾಡಿದೆ. ಜನ ಬಿದ್ದು ಬಿದ್ದು ನಕ್ಕರು. ಮಾವನೂ ನಕ್ಕರು. “ಅಸಾಧ್ಯ ಕಣ್ಲಾ ನೀನು” ಎಂದರು. ನಾನು ಮೆರೆಯುತ್ತ ರೆಕಾರ್ಡರನ್ನು ಬೆಂಚಿನ ಮೇಲಿಟ್ಟು ಎಲ್ಲರಿಗೂ ಟೀ, ಬೋಂಡ ತರಲು ಹೋದೆ. ವಾಪಸು ಬರುವಾಗ ಬಸ್ಸಿನಲ್ಲಿ ಲಾವಣ್ಯ ಒಂದು ಮಾತೂ ಆಡಲಿಲ್ಲ. ನಾನು ಅವಳ ಮೌನವನ್ನೂ ಮಿಮಿಕ್ರಿ ಮಾಡಿ ತೋರಿಸಿದೆ. ಅವಳು ಕಿಟಕಿಯ ಕಡೆಗೆ ತಿರುಗಿಕೊಂಡಳು.

ಮಾರನೆಯ ಮಧ್ಯಾಹ್ನ ಟೈಪಿಂಗ್ ಕೋಣೆಯಲ್ಲಿ ಒಬ್ಬನೇ ಕೂತು ಹೆಡ್‌ಫೋನ್ ಹಾಕಿಕೊಂಡೆ. ಮೊದಲ ಫೈಲು ಹಾಕಿದೆ. ಮಾವನ ವಣಕ್ಕಂ ಇಲ್ಲ. ಯಾರೋ ಕೆಮ್ಮಿದರು, ಕೋಳಿ ಕೂಗಿತು, ಲಾವಣ್ಯ “ಬಿಸಿಲು ಬತ್ತು, ಈ ಕಡೆ ಬಾ ಮಾವ” ಎಂದಳು. ಅಷ್ಟೇ. ಎರಡನೆಯದರಲ್ಲಿ ನೀರು ಕುಡಿದ ಸದ್ದು. ಮೂರನೆಯದರಲ್ಲಿ ನಾನು ಆಕಳಿಸಿದ್ದು. ರೆಕಾರ್ಡರ್ ತೆಗೆದು ಗುಂಡಿ ಒತ್ತಿ ಒತ್ತಿ ನೋಡಿದೆ. ಮಿಣುಕುವುದೆಂದರೆ ರೆಕಾರ್ಡರ್ ಕಾಯುತ್ತಿದೆ ಎಂದು, ನೆಟ್ಟಗೆ ಉರಿದರೆ ಮಾತು ಹಿಡಿಯುತ್ತಿದೆ ಎಂದು. ನನ್ನ ಸಿದ್ಧಾಂತ ಪೂರ್ತಿ ತಲೆಕೆಳಗು. ಮಾವ ಮಾತಾಡಿದ್ದೆಲ್ಲ ಗಾಳಿಗೆ ಹೋಗಿತ್ತು. ಮಾತಾಡದೆ ಇದ್ದದ್ದೆಲ್ಲ ಅಚ್ಚುಕಟ್ಟಾಗಿ ಸಿಕ್ಕಿತ್ತು. ಕ್ಯಾಮೆರಾ ಅಂತೂ ಕಿವುಡು.

ನಾಲ್ಕನೆಯ ಫೈಲಿನಲ್ಲಿ ನನ್ನ ಮಿಮಿಕ್ರಿ ಇತ್ತು. ನಾನು ನನ್ನನ್ನೇ ಕೇಳಿ, ಅಂಥ ಹೊತ್ತಿನಲ್ಲೂ, ಪರವಾಗಿಲ್ಲವೇ ಎಂದುಕೊಂಡೆ. ಜನರ ನಗು. ಟೀ ತರಲು ಹೋದ ನನ್ನ ಚಪ್ಪಲಿಯ ಸದ್ದು. ಅನಂತರ ಮಾವನ ದನಿ, ಕನ್ನಡದಲ್ಲಿ.

“ನಿಜ ಹೇಳಮ್ಮಣ್ಣಿ. ನಾನು ಮಾತಾಡೋದು ಅಂಗೇನಾ?”

“ಬುಡು ಮಾವ” ಎಂದಳು ಲಾವಣ್ಯ.

“ಹೋದ ವರ್ಷ ಬಾಯಿ ಸೊಟ್ಟಗಾಯ್ತಲ್ಲ. ಡಾಕ್ಟ್ರು ವಾಸಿ ಆಯ್ತು ಅಂದ್ರು. ಮನೇಲೂ ಗೊತ್ತೇ ಆಗಲ್ಲ ಅಂತಾರೆ. ಕೂಗುದ್ರೆ ಜಾಸ್ತಿ ಗೊತ್ತಾಯ್ತದೆ ಅಂತ ನಾನೇ ಕೂಗೋದು ಬುಟ್ಬುಟ್ಟೆ. ತಮಿಳಾದ್ರೆ ಮೆಲ್ಲಗೆ ಹೇಳ್ಬೋದು, ಯಾರ್ಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ.” ಆಮೇಲೆ, “ಆ ಹುಡ್ಗನ್ಗೆ ಹೇಳ್ಬೇಡ. ಪಾಪ, ನಗ್ಸಕ್ಕೆ ಮಾಡ್ದ.”

ಬೈದಿದ್ದರೆ ಆ ಬೈಗುಳವನ್ನೂ ಮಿಮಿಕ್ರಿ ಮಾಡಿ ದಾಟಿಕೊಳ್ಳುತ್ತಿದ್ದೆ. ‘ಪಾಪ’ ಎಂದದ್ದಕ್ಕೆ ಏನು ಮಾಡುವುದು ಎಂದು ತಿಳಿಯಲಿಲ್ಲ. ಅವರ ತುಟಿ ಇಳಿದಿರುವುದನ್ನು ನಾನು ಕಂಡಿದ್ದೆ, ನಾಲಿಗೆ ಜಾರುವುದನ್ನು ಕೇಳಿದ್ದೆ, ಎಲ್ಲವನ್ನೂ ಸರಿಯಾಗಿ ಎತ್ತಿಕೊಂಡಿದ್ದೆ. ಯಾಕೆ ಹಾಗೆ ಎಂದು ಮಾತ್ರ ಒಂದು ಕ್ಷಣವೂ ಕೇಳಿಕೊಂಡಿರಲಿಲ್ಲ.

ಲಾವಣ್ಯ ಬಂದಾಗ ಗುಂಡಿಯ ಕಥೆ ಹೇಳಿದೆ. ಅವಳು ತಲೆಯ ಮೇಲೆ ಕೈಹೊತ್ತು ಕೂತಳು. ಶುಕ್ರವಾರ ಫಿಲಂ ಕೊಡಬೇಕು, ಅವತ್ತು ಸೋಮವಾರ. “ಒಂದು ದಾರಿ ಐತೆ” ಎಂದೆ. “ಅವ್ರ ಮಾತೆಲ್ಲ ನಂಗೆ ನೆನಪೈತೆ. ನಾನೇ ಅವ್ರ ಥರ ಡಬ್ಬಿಂಗ್ ಮಾಡ್ಬುಡ್ತೀನಿ. ಯಾರ್ಗೂ ಗೊತ್ತಾಗಲ್ಲ.”

ಅವಳು ನನ್ನನ್ನೇ ನೋಡಿ, “ಯಾವ ಮಾವನ ಥರ?” ಎಂದಳು. “ಬಾಯಿ ಸೊಟ್ಟಗಿರೋದಾ, ನೆಟ್ಟಗಿರೋದಾ?”

ನಾಲ್ಕನೆಯ ಫೈಲು ಕೇಳಿದ್ದೇನೆ ಎಂದು ಆಗ ಹೇಳಿದೆ. ಇಬ್ಬರೂ ಅರುಳ್ ಸರ್ ಹತ್ತಿರ ಹೋದೆವು. ಅವರು ಎಲ್ಲ ಕೇಳಿಕೊಂಡು, ಅದೇ ಮೆಲುದನಿಯಲ್ಲಿ, “ಅವರಿಡಮೇ ಪೋಯ್ ಕೇಳು” ಎಂದರು. ಅವರ ಹತ್ತಿರವೇ ಹೋಗಿ ಕೇಳು. ಈ ಸಲ ನಾನು ಅದನ್ನು ಯಾರಿಗೂ ಅವರ ದನಿಯಲ್ಲಿ ಹೇಳಿ ತೋರಿಸಲಿಲ್ಲ.

ತಳಿಯ ಬಸ್ಸಿನಲ್ಲಿ ಕೂತು ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡಿದೆ. ನೋಡಿ, ನನ್ನ ಕಷ್ಟ ಎಂಥದು. ಬಾಯಿ ತೆರೆದರೆ ಒಮ್ಮೆ ಹೆಡ್‌ಮಾಸ್ಟರ ಹಾಗೆ ಬರುತ್ತದೆ, ಒಮ್ಮೆ ತೆಲುಗು ಅತ್ತೆಯ ಹಾಗೆ ಅಳು ಬರುತ್ತದೆ. ಪಕ್ಕದ ಸೀಟಿನ ಅಜ್ಜಿ, “ಯಾರ್ ಜೊತೆ ಮಾತಾಡ್ತಿದ್ದೀಯಪ್ಪ?” ಎಂದು ಕೇಳಿ ಎದ್ದು ಬೇರೆ ಸೀಟಿಗೆ ಹೋಯಿತು. ಕೊನೆಗೆ ಮಾವನ ಎದುರು ನಿಂತಾಗ ಬಂದದ್ದು ಇಷ್ಟೇ. “ಮಾವ, ಗುಂಡಿ ಉಲ್ಟಾ ಒತ್ಬುಟ್ಟೆ. ನೀವು ಹೇಳಿದ್ದು ಒಂದೂ ಸಿಕ್ಕಿಲ್ಲ.”

“ಒಂದೂ?”

“ಒಂದೂ. ಮಧ್ಯದಾಗೆ ಮಾತಾಡಿದ್ದು ಸಿಕ್ಕೈತೆ.”

ಮಾವ ಲಾವಣ್ಯಳ ಕಡೆ ನೋಡಿದರು, ಆಮೇಲೆ ನನ್ನ ಕಡೆ. “ಕೇಳಿಸ್ಕೊಂಡ್ಯಾ?”

“ಊಂ. ತಪ್ಪಾಯ್ತು ಮಾವ. ನಂಗೆ ಗೊತ್ತಿರ್ಲಿಲ್ಲ.”

ಅವರು ಜೀಪು ಬರುವ ದಾರಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಹೇಳಿದ್ದು ನಾನು ನಿರೀಕ್ಷಿಸಿದ ಮಾತಲ್ಲ. “ಸರಿ. ನೀನೇ ಮಾತಾಡ್ಬುಡು, ನನ್ ಥರ. ಆದ್ರೆ ಈಗಿನ ಥರ ಬೇಡ. ಮುಂಚಿನ ನಂಜಪ್ಪನ ಥರ ಕೂಗು.”

ಮುಂಚಿನ ನಂಜಪ್ಪನನ್ನು ನಾನು ಕೇಳಿಯೇ ಇಲ್ಲವಲ್ಲ. ಕೇಳದೆ ಇರುವ ದನಿಯನ್ನು ಎಲ್ಲಿಂದ ತರುವುದು. “ನಾನ್ ಹೇಳ್ಕೊಡ್ತೀನಿ” ಎಂದು ಮಾವ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು. ಲಾವಣ್ಯ ಕ್ಯಾಮೆರಾವನ್ನು ಎದುರಿಗೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ರೆಕಾರ್ಡರನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಗುಂಡಿಯನ್ನು ಎರಡು ಸಲ ಒತ್ತಿ, ದೀಪ ನೆಟ್ಟಗೆ ಉರಿಯುವುದನ್ನು ನನಗೆ ತೋರಿಸಿದಳು.

ಕೂಗು ಇಷ್ಟೇ. ಊರಿನ ಹೆಸರು, ಆಮೇಲೆ ಹತ್ತಿ ಎಂದು ಮೂರು ಭಾಷೆಯಲ್ಲಿ. ನಾನು ಎದ್ದು ನಿಂತು ಕೂಗಿದೆ. “ಜವಳಗಿರೀ, ಜವಳಗಿರೀ, ಹತ್ತಿ, ಏರುಂಗೊ, ಎಕ್ಕಂಡಿ.”

“ಅದು ಬಸ್ ಕಂಡಕ್ಟ್ರು” ಎಂದರು ಮಾವ ಬೇಸರದಿಂದ. “ಅವ್ನಿಗೇನು, ಜನ ಹತ್ತುದ್ರೂ ಸಂಬಳ ಬತ್ತದೆ, ಹತ್ತದಿದ್ರೂ ಬತ್ತದೆ. ನಿಂಗೆ ಜನ ಬೇಕಲ್ಲ. ಬೇಕು ಅನ್ನೋನ್ ಥರ ಕೂಗು.”

ಮತ್ತೆ ಕೂಗಿದೆ.

“ಈಗ ಭಿಕ್ಷುಕನ್ ಥರ ಆಯ್ತು. ಅಷ್ಟು ಬೇಡ.”

ಇನ್ನೊಮ್ಮೆ ಕೂಗಿದೆ. ಅಷ್ಟರಲ್ಲಿ ಒಂದು ತೊಂದರೆಯಾಗಿತ್ತು. ನನ್ನ ಕೂಗು ಎಷ್ಟೇ ಕೆಟ್ಟದಾಗಿರಲಿ, ಜವಳಗಿರಿಗೆ ಹೋಗುವವರು ನಿಜವಾಗಿ ಬಂದು ನಿಂತಿದ್ದರು. ಜೀಪು ಇನ್ನೂ ಬಂದಿರಲಿಲ್ಲ. ಬೀನ್ಸಿನ ಬುಟ್ಟಿ ಹೊತ್ತ ಹೆಂಗಸು ಸುತ್ತ ನೋಡಿ, “ಯಾಕ್ಲಾ ಬಾಯಿ ಬಡ್ಕೊತಾ ಇದ್ದೀಯ, ಎಲ್ಲೈತ್ಲಾ ಜೀಪು?” ಎಂದಳು. ನಾನು ಇದು ಸಿನಿಮಾ ಎಂದೆ. “ಸಿನಿಮಾ ಹತ್ಕೊಂಡ್ ಜವಳಗಿರಿಗೆ ಹೋಗಾಕಾಯ್ತದಾ? ತಲೆ ಮೇಲೆ ಹದಿನೈದು ಕೆಜಿ ಐತೆ” ಎಂದಳು. ಇನ್ನೊಬ್ಬರು, ನಂಬಿ ಡೆಂಕಣಿಕೋಟೆಯ ಬಸ್ಸು ಬಿಟ್ಟೆನಲ್ಲ ಎಂದು ತಮಿಳಿನಲ್ಲಿ ಬೈದರು. ಅಷ್ಟರಲ್ಲಿ ಅಳಿಯನ ಜೀಪು ಬಂತು, ಆದರೆ ಯಾವಾಗಲೂ ನಿಲ್ಲುವ ಕಡೆ ಲಾರಿ ನಿಂತಿದ್ದರಿಂದ ಆಚೆಯ ಬದಿಯಲ್ಲಿ ನಿಂತಿತು. ನಾನು ಕಂಡಕ್ಟರು, ಭಿಕ್ಷುಕ, ಎಲ್ಲ ದನಿಯಲ್ಲೂ ಕೂಗಿ ಅಲ್ಲಿಗೆ ಹೋಗಿ ಎಂದೆ. ಒಮ್ಮೆ ಮೋಸ ಹೋದವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮಾವ ಬೆಂಚಿನಿಂದ ಎದ್ದರು. ಬೆರಳು ತೋರಿಸಿದರು. ಯಾರೂ ನೋಡಲಿಲ್ಲ. ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, ಎರಡು ಹೆಜ್ಜೆ ಮುಂದಕ್ಕೆ ಹೋಗಿ, ಕತ್ತು ಮೇಲಕ್ಕೆತ್ತಿ ಕೂಗಿದರು.

‘ಜವಳಗಿರಿ’ ಅವರ ಬಾಯಿಂದ ‘ಜವಯಗಿಯಿ’ ಎಂದು ಬಂತು. ಏರುಂಗೊ ಎನ್ನುವುದರ ರಕಾರ ಎಲ್ಲೋ ಬಿದ್ದುಹೋಯಿತು. ಆದರೆ ಆ ಕೂಗು ಲಾರಿಯನ್ನು ದಾಟಿ, ರಸ್ತೆ ದಾಟಿ, ಸಂತೆಯ ಕಡೆಗೆ ಹೋಯಿತು. ನಾನು ಜನರ ಮುಖವನ್ನೇ ನೋಡುತ್ತಿದ್ದೆ, ಯಾರಾದರೂ ನಕ್ಕರೆ ಏನು ಮಾಡುವುದು ಎಂದು. ಯಾರೂ ನಗಲಿಲ್ಲ. ಅಯ್ಯೋ ಪಾಪ ಎಂದೂ ಅನ್ನಲಿಲ್ಲ. ಬೀನ್ಸಿನ ಹೆಂಗಸು “ಮೊದ್ಲೇ ಹೇಳ್ಬಾರ್ದಾ” ಎಂದು ಗೊಣಗುತ್ತ ಬುಟ್ಟಿ ಸರಿಮಾಡಿಕೊಂಡು ಹೊರಟಳು. ಎಲ್ಲರೂ ಹೋಗಿ ಜೀಪು ಹತ್ತಿದರು. ಅವರಿಗೆ ಜವಳಗಿರಿಗೆ ಹೋಗಬೇಕಿತ್ತು, ಅಷ್ಟೇ.

ಜೀಪು ಹೋದ ಮೇಲೆ ಮಾವ ಬಂದು ಕೂತರು. ಏದುಸಿರು ಬಿಡುತ್ತಿದ್ದರು. “ಅದು ಸಿಕ್ತಾ?” ಎಂದರು ಲಾವಣ್ಯಳಿಗೆ. ಅವಳು ತಲೆಯಾಡಿಸಿ, “ನೀನು ಬೇಡ ಅಂದ್ರೆ ಹಾಕಲ್ಲ ಮಾವ” ಎಂದಳು. ಅವರು ಕೈ ಚಾಚಿದರು. ಹೆಡ್‌ಫೋನನ್ನು ನಾನೇ ಅವರ ತಲೆಗೆ ಇಟ್ಟೆ. ಕಣ್ಣು ಮುಚ್ಚಿಕೊಂಡು ತಮ್ಮ ಕೂಗನ್ನು ಕೇಳಿದರು. ಮತ್ತೆ ಹಾಕು ಎಂದು ಸನ್ನೆ ಮಾಡಿ ಇನ್ನೊಮ್ಮೆ ಕೇಳಿದರು. ನಮಗೆ ಶುಕ್ರವಾರ, ಪಾಸು, ಎಲ್ಲ ಮರೆತುಹೋಗಿತ್ತು. ಅವರು ಹೆಡ್‌ಫೋನ್ ತೆಗೆದು ನನ್ನ ತೊಡೆಯ ಮೇಲಿಟ್ಟರು.

“ಹಿಂದ್ಗಡೆ ಲಾರಿ ಹಾರನ್ ಜಾಸ್ತಿ ಆಗೋಯ್ತು” ಎಂದರು. “ಮುಂದಿನ್ ಜೀಪಿಗೆ ಇನ್ನೊಂದ್ಸಲ ಕೂಗ್ತೀನಿ, ಸರಿಯಾಗಿ ತಗೊ.”

ಅವತ್ತು ಅವರು ಐದು ಜೀಪಿಗೆ ಕೂಗಿದರು. ಐದನೆಯದಕ್ಕೆ ಜನವೇ ಇರಲಿಲ್ಲ, ಆದರೂ ಕೂಗಿದರು. ನಮ್ಮ ಫಿಲಂನಲ್ಲಿ ಮೊದಲು ನಾನು ಕೆಟ್ಟದಾಗಿ ಕೂಗುತ್ತೇನೆ, ಅವರು ತಿದ್ದುತ್ತಾರೆ, ಜನ ನನ್ನನ್ನು ಬೈಯುತ್ತಾರೆ, ಕೊನೆಗೆ ಅವರು ಎದ್ದು ಕೂಗುತ್ತಾರೆ. ಕಾಲೇಜಿನಲ್ಲಿ ತೋರಿಸಿದ ದಿನ ಮಾವ ಮುಂದಿನ ಸಾಲಿನಲ್ಲಿ ಕೂತು, ನನ್ನ ಭಾಗ ಬಂದಾಗ ಎಲ್ಲರಿಗಿಂತ ಜೋರಾಗಿ ನಕ್ಕರು. ನಾವು ಪಾಸಾದೆವು.

ಈ ಪ್ರಬಂಧ ಬರೆಯಲು ಕೂತವನು ಅರ್ಧಕ್ಕೆ ನಿಲ್ಲಿಸಿ ಮೊನ್ನೆ ಭಾನುವಾರ ತಳಿಗೆ ಹೋಗಿದ್ದೆ. ದೂರದಿಂದಲೇ ಕೂಗು ಕೇಳಿಸಿತು. ಹತ್ತಿರ ಹೋದರೆ, ಅಳಿಯ ಸ್ಟೀರಿಂಗಿನ ಹಿಂದೆ ಕೂತು ಬಾಯಿ ಸೊಟ್ಟ ಮಾಡಿ ಅದೇ ಕೂಗನ್ನು ಮಾವನ ಎದುರಿಗೇ ಅಣಕಿಸುತ್ತಿದ್ದ. ಮಾವ ಅವನಿಗೆ, “ಅಷ್ಟು ಎಳೀಬೇಡ, ಅದು ನನ್ ತಮ್ಮನ್ ಥರ ಆಯ್ತದೆ” ಎಂದು ತಿದ್ದುತ್ತಿದ್ದರು. ನನ್ನನ್ನು ಕಂಡು, “ಬಾರ್ಲಾ, ಇವನ್ಗೆ ಬರಲ್ಲ, ನೀನ್ ಮಾಡು ನೋಡನ” ಎಂದರು. ನಾನು ತಲೆಯಾಡಿಸಿ, “ನೀವೇ ಕೂಗಿ ಮಾವ, ಕೇಳ್ತೀನಿ” ಎಂದೆ. ಅವರು ಗಂಟಲು ಸರಿಮಾಡಿಕೊಂಡು ಕೂಗಿದರು.

ಜೀಪಿನ ಹಿಂದಿನ ಸೀಟಿನಲ್ಲಿ ಒಬ್ಬರ ಜಾಗ ಉಳಿದಿತ್ತು. ಜವಳಗಿರಿಯಲ್ಲಿ ನನಗೆ ಯಾರೂ ಇಲ್ಲ, ಯಾವ ಕೆಲಸವೂ ಇರಲಿಲ್ಲ. ಹೋಗಿ ಹತ್ತಿ ಕೂತೆ.